ಡಯಾಮೀನೋ, ಪಿರಿಡೀನೋ

ನನಗೂ ಆ ಮನುಷ್ಯನಿಗೂ ಮೊದಲ ಜಗಳ ಬಿದ್ದದ್ದು ಒಂದು ಕಂದು ಬಾಟಲಿಯ ಸಲುವಾಗಿ. ಅತ್ತೆಯ ಮಗಳ ಮದುವೆ ಮುಗಿಸಿಕೊಂಡು ಕೆಲಸಕ್ಕೆ ಬಂದು ನೋಡಿದರೆ, ಪ್ರಯೋಗಾಲಯದ ಕಪಾಟಿನಲ್ಲಿ ಎಥಿಲೀನ್ ಡಯಾಮೀನಿನ ಬಾಟಲಿ ಇರಲಿಲ್ಲ. ಹುಡುಕಿದಾಗ ಅದು ಹಿತ್ತಲಲ್ಲಿ, ಶೌಚಾಲಯದ ಗೋಡೆಯ ಪಕ್ಕದಲ್ಲಿ, ಒಂದು ಹರಕು ಗೋಣಿಚೀಲದ ಕೆಳಗೆ ಸಿಕ್ಕಿತು. ಕಪಾಟಿನಲ್ಲಿ ಅದರ ಜಾಗದಲ್ಲಿ ಪಿರಿಡೀನಿನ ಡಬ್ಬಿ ಕೂತಿತ್ತು.

“ಇದನ್ಯಾರು ಹೊರಗ ಇಟ್ಟಾರ?” ಎಂದು ಕೇಳಿದೆ.

“ನಾನ ಇಟ್ಟೇನಿ,” ಎಂದ ಆತ, ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಡದೆ. “ಆ ಹೊಗಿ ಕಾರೋ ಸುಡಗಾಡ ನನ್ನ ಕೆಲಸದಾಗ ಬ್ಯಾಡ. ಪಿರಿಡೀನ್ ಐತಿ, ಅದನ್ನ ಹಾಕ್ರಿ.”

“ಸರ್, ಅವೆರಡೂ ಬ್ಯಾರೆ ಬ್ಯಾರೆ.”

“ಎರಡರಾಗೂ ನೈಟ್ರೋಜನ್ ಐತ್ಯೋ ಇಲ್ಲೋ?”

“ಐತಿ, ಆದ್ರ...”

“ಐತೆಲ್ಲ? ಮುಗೀತು. ನೀವು ಇಲ್ಲಿ ಪಾಠ ಮಾಡಾಕ ಬಂದೀರೋ, ಮಾಲು ತಯಾರ ಮಾಡಾಕ ಬಂದೀರೋ?”

ರಬ್ಬರ್ ಬಿರಡೆ ಎಣಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿ ನಕ್ಕರು. ಆ ನಗು ಕೇಳಿದ ಕ್ಷಣದಿಂದ ನಾನು ಅವನನ್ನು ದ್ವೇಷಿಸತೊಡಗಿದೆ.

ಆಗ ನನಗೆ ಇಪ್ಪತ್ತೈದರ ಆಸುಪಾಸು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹಾವೇರಿಯ ಮನೆಗೆ ಮರಳಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗಿ, ಪಿ.ಬಿ. ರಸ್ತೆಯಿಂದ ಒಳಗಿದ್ದ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಶೆಡ್ಡಿನ ಮಾಲೀಕರು ಬೀಜದ ವ್ಯಾಪಾರಸ್ಥರು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು. ಬೀಜದ ಜೊತೆ ಅವರು ಮೋಹಕ ಬಲೆಗಳನ್ನೂ ಮಾರಲು ಶುರುಮಾಡಿದ್ದರು. ಹೆಣ್ಣು ಪತಂಗವು ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ನಾವು ಗಾಜಿನ ಪಾತ್ರೆಯಲ್ಲಿ ತಯಾರಿಸಿ, ಸಣ್ಣ ರಬ್ಬರ್ ಬಿರಡೆಗಳಿಗೆ ಕುಡಿಸುತ್ತಿದ್ದೆವು. ರೈತರು ಆ ಬಿರಡೆಯನ್ನು ಪ್ಲಾಸ್ಟಿಕ್ ಬಲೆಯೊಳಗೆ ಸಿಕ್ಕಿಸಿ ಹೊಲದಲ್ಲಿ ತೂಗುಹಾಕುತ್ತಿದ್ದರು. ವಾಸನೆಗೆ ಮರುಳಾಗಿ ಬಂದ ಗಂಡು ಪತಂಗ ಕೆಳಗಿನ ಚೀಲಕ್ಕೆ ಬೀಳಬೇಕು. ಹತ್ತಿಗೆ ಹೊಸ ಬಿಟಿ ಬೀಜ ಬಂದ ಮೇಲೆ ಹತ್ತಿಯವರು ಬಲೆ ಕೇಳುವುದು ಕಡಿಮೆಯಾಗಿತ್ತು. ಹಾಗಾಗಿ ಸಾವಕಾರ್ರ ಕಣ್ಣು ಬ್ಯಾಡಗಿಯ ಮೆಣಸಿನಕಾಯಿ ಹೊಲಗಳ ಮೇಲೆ ಬಿದ್ದಿತ್ತು. ಅಲ್ಲಿ ಕಾಯಿ ಕೊರೆಯುವ ಹುಳುವಿನ ಕಾಟ ಜೋರಿತ್ತು.

ಆ ಮನುಷ್ಯ ಸಾವಕಾರ್ರ ಅಕ್ಕನ ಗಂಡ, ಉತ್ಪಾದನೆಯ ಮುಖ್ಯಸ್ಥ. ಗುಜರಾತಿನ ಬಣ್ಣದ ಕಾರ್ಖಾನೆಗಳಲ್ಲಿ ಬಹಳ ವರ್ಷ ದುಡಿದು ಬಂದವನು. ಅವನನ್ನು ಬಹುವಚನದಲ್ಲಿ ಬರೆಯಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. ಎದುರಿಗೆ ಮಾತ್ರ ‘ಸರ್’ ಎನ್ನುತ್ತಿದ್ದೆ. ಅವನು ‘ಮೇಡಂನೋರ’ ಎನ್ನುತ್ತಿದ್ದ. ನನ್ನ ‘ಸರ್’ನಲ್ಲಿ ಎಷ್ಟು ಗೌರವವಿತ್ತೋ ಅವನ ‘ಮೇಡಂ’ನಲ್ಲೂ ಅಷ್ಟೇ ಇತ್ತು.

ನಮ್ಮ ಜಗಳ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪತಂಗದ ವಾಸನೆಯ ಅಣು ಇಂಗಾಲದ ಒಂದು ಉದ್ದ ಸರಪಳಿ. ಅದರಲ್ಲಿ ಒಂದು ಕಡೆ ದ್ವಿಬಂಧ ಇರುತ್ತದೆ. ಅಲ್ಲಿ ಸರಪಳಿ ಮೊಣಕೈಯಂತೆ ಬಾಗಿರಬೇಕು; ನೆಟ್ಟಗಿದ್ದರೆ ಗಂಡು ಪತಂಗ ಹತ್ತಿರ ಬರುವುದಿಲ್ಲ. ನಾವು ತ್ರಿಬಂಧವಿರುವ ಸರಪಳಿಯಿಂದ ಶುರುಮಾಡಿ, ನಿಕ್ಕಲ್ಲಿನ ಕಪ್ಪು ಪುಡಿಯನ್ನು ವೇಗವರ್ಧಕವಾಗಿ ಬಳಸಿ, ಹೈಡ್ರೋಜನ್ ಕೊಟ್ಟು ತ್ರಿಬಂಧವನ್ನು ದ್ವಿಬಂಧಕ್ಕೆ ಇಳಿಸುತ್ತಿದ್ದೆವು. ಅಲ್ಲಿಗೆ ನಿಲ್ಲಬೇಕು. ಆದರೆ ಬರಿಯ ನಿಕ್ಕಲ್ ನಿಲ್ಲುವುದಿಲ್ಲ. ಒಮ್ಮೆ ಬಿಟ್ಟ ಸರಪಳಿಯನ್ನೇ ಮತ್ತೆ ಎಳೆದುಕೊಂಡು ದ್ವಿಬಂಧವನ್ನೂ ತಿಂದುಹಾಕುತ್ತದೆ, ಉಳಿಯುವುದು ಮೇಣ. ಇನ್ನು ಕೆಲವು ಸರಪಳಿಗಳನ್ನು ತಿರುಚಿ, ಬಾಗಿದ್ದನ್ನು ನೆಟ್ಟಗೆ ಮಾಡುತ್ತದೆ. ಇವು ನಮಗೆ ಬೇಡದ ಅಡ್ಡಕ್ರಿಯೆಗಳು. ಇವನ್ನು ತಡೆಯಲು ಲೋಹಕ್ಕೆ ಅಂಟಿಕೊಳ್ಳುವ ಇನ್ನೊಂದು ಪದಾರ್ಥ ಬೇಕು. ಅದಕ್ಕೆ ಲಿಗ್ಯಾಂಡ್ ಎನ್ನುತ್ತಾರೆ. ಡಯಾಮೀನ್ ಎರಡೂ ಕೈಗಳಿಂದ ಲೋಹವನ್ನು ಹಿಡಿಯುತ್ತದೆ. ತ್ರಿಬಂಧ ಬಲವಾದದ್ದು, ಅದನ್ನು ಸರಿಸಿಕೊಂಡು ಒಳಗೆ ಬರಬಲ್ಲದು; ದ್ವಿಬಂಧಕ್ಕೆ ಮಾತ್ರ ಮತ್ತೆ ಜಾಗ ಸಿಗುವುದಿಲ್ಲ. ಪಿರಿಡೀನ್ ಹಿಡಿಯುವುದು ಒಂದೇ ಕೈಯಿಂದ. ಹಿಡಿತ ಸಡಿಲ, ಬೇಗ ಬಿಟ್ಟುಬಿಡುತ್ತದೆ. ಎರಡರಲ್ಲೂ ನೈಟ್ರೋಜನ್ ಇರುವುದು ನಿಜ. ಆದರೆ ಕೆಲಸ ಒಂದೇ ಅಲ್ಲ.

ಆಜ್ಞೆ ಆಜ್ಞೆಯೇ. ಪಿರಿಡೀನ್ ಹಾಕಿಯೇ ಮಾಡಿದೆ. ಮರುದಿನ ಬೆಳಗಿನ ಚಳಿಗೆ ಪಾತ್ರೆಯ ತಳದಲ್ಲಿ ಬಿಳಿ ಹಾಳೆಹಾಳೆಯಾಗಿ ಮೇಣ ಕೂತಿತ್ತು. ಹಿಂದೆಂದೂ ಹಾಗಾಗಿರಲಿಲ್ಲ. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಅವನ ಮೇಜಿನ ಮೇಲೆ ಇಟ್ಟೆ.

“ಥಂಡಿಗೆ ಹೆಪ್ಪಗಟ್ಟೈತಿ,” ಎಂದ. “ಸೋಸಿ ಒಗೀರಿ.”

“ಮ್ಯಾಣ ಸೋಸಬಹುದು ಸರ್. ನೆಟ್ಟಗಾದದ್ದು ಸೋಸಾಕ ಬರೂದಿಲ್ಲ. ಅದು ಒಳಗ ಕೂತಿರತೈತಿ.”

“ಹುಳಕ್ಕ ನೆಟ್ಟಗ, ಸೊಟ್ಟಗ ತಿಳೀತೈತೇನು? ನೀವ್ ಹುಳದ ಕಿವ್ಯಾಗ ಹೋಗಿ ಹೇಳಬ್ಯಾಡ್ರಿ, ಸಾಕು.”

ಮಾಲು ಬಿರಡೆಗಳಿಗೆ ಹೋಯಿತು, ಬಿರಡೆಗಳು ಪೇಟೆಗೆ ಹೋದವು.

ತಿಂಗಳೊಪ್ಪತ್ತಿನಲ್ಲಿ ಬ್ಯಾಡಗಿಯಿಂದ ಕರೆ ಬಂತು. ಮಾರಾಟದವನ ಜೊತೆ ನನ್ನನ್ನು ಜೀಪಿನಲ್ಲಿ ಕಳಿಸಿದರು. ಬೈಸಿಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೇ. ಹೊಲದ ಒಡತಿ ಐವತ್ತು ದಾಟಿದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ನಿಂತಿದ್ದಳು. ನೀರಾವರಿ, ಟ್ರ್ಯಾಕ್ಟರು ಎಲ್ಲ ಇದ್ದ ಮನೆತನ. ಅವಳ ಮಾತಿಗೆ ಸುತ್ತಿನ ಹೊಲದವರೆಲ್ಲ ಬೆಲೆ ಕೊಡುತ್ತಿದ್ದರು. ನಮ್ಮ ಬಲೆಗಳನ್ನೆಲ್ಲ ಕಿತ್ತು ಅವಳು ರಾಶಿ ಹಾಕಿಸಿದ್ದಳು.

“ಇದನ್ನ ಮಾಡಿದಾಕಿ ನೀನೇನು?” ಎಂದು ನನ್ನನ್ನೇ ಕೇಳಿದಳು.

“ಹೌದ್ರಿ.”

“ಕೈ ಹಾಕಿ ನೋಡು. ಚೀಲದಾಗ ಏನೈತಿ ಹೇಳು.”

ನೋಡಿದೆ. ಎರಡು ಜೇಡ, ಒಣಗಿದ ಎಲೆ. ಪತಂಗ ಬೆರಳೆಣಿಕೆಯಷ್ಟೂ ಇರಲಿಲ್ಲ. ಅವಳು ಗಿಡದಿಂದ ಒಂದು ಕಾಯಿ ಕಿತ್ತು ನನ್ನ ಮೂಗಿನ ಹತ್ತಿರ ಹಿಡಿದಳು. ತೊಟ್ಟಿನ ಬುಡದಲ್ಲಿ ದುಂಡನೆ ತೂತು.

“ನಿನ್ನ ಡಬ್ಬಿ ಮ್ಯಾಲ, ನನ್ನ ಕಾಯಿ ಕೆಳಗ. ಹುಳ ಕಾಯಿಗೆ ಬಂದ್ವು, ಡಬ್ಬಿಗೆ ಬರಲಿಲ್ಲ. ಪ್ಯಾಟ್ಯಾಗ ನಿಮ್ಮ ಅಂಗಡಿ ಮುಂದ ಇದಿಷ್ಟೂ ಸುರುವಿ ಬೆಂಕಿ ಹಚ್ಚತೀನಿ. ನಿಮ್ಮ ಸಾವಕಾರಗ ಹೇಳು.”

ಸಾವಕಾರ್ರಿಗೆ ಹೇಳಿದೆ. ಅದಕ್ಕೂ ಮೊದಲೇ ಆ ಮನುಷ್ಯ ಅವರಿಗೆ, ಮೇಡಂ ಅಳತೆ ತಪ್ಪಿದ್ದಾಳೆ, ಮದುವೆ ಗದ್ದಲದಲ್ಲಿ ತಲೆ ನೆಟ್ಟಗಿರಲಿಲ್ಲ ಎಂದು ಹೇಳಿ ಮುಗಿಸಿದ್ದ. ನಾನು ಬಿಡಲಿಲ್ಲ. ಡಯಾಮೀನಿನ ಹಳೆಯ ಮಾಲಿನಲ್ಲಿ ಉಳಿದದ್ದನ್ನೂ ಪಿರಿಡೀನಿನ ಮಾಲನ್ನೂ ಚಿಕ್ಕ ಸೀಸೆಗಳಲ್ಲಿ ತುಂಬಿಕೊಂಡು ಧಾರವಾಡಕ್ಕೆ ಹೋಗಿ, ನನ್ನ ಹಳೆಯ ವಿಭಾಗದ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದೆ. ಹಳೆಯ ಮಾಲಿನ ಗೆರೆಚಿತ್ರದಲ್ಲಿ ಎತ್ತರದ ಒಂದೇ ಶಿಖರ. ಪಿರಿಡೀನಿನದರಲ್ಲಿ ಅದರ ಮಗ್ಗುಲಿಗೆ ನೆಟ್ಟಗಾದದ್ದು, ಅದರಾಚೆ ಸೋಸಿಯೂ ಉಳಿದ ಮೇಣ. ಆ ಚಿತ್ರಗಳನ್ನು ಸಾವಕಾರ್ರ ಅಂಗಡಿಯಲ್ಲಿ ಗಾದಿಯ ಮೇಲೆ ಹರಡಿದೆ.

“ಈ ಗುಡ್ಡದ ಗೆರಿ ನನಗ ತಿಳ್ಯಂಗಿಲ್ಲವಾ,” ಎಂದರು ಅವರು.

ಗೋಡೆಗೆ ಒರಗಿ ಕೂತಿದ್ದ ಆ ಮನುಷ್ಯ, “ಅಲ್ಲಿ ಈಕಿ ಮಾಸ್ತರ್ರು ಅದಾರ. ಈಕಿಗೆ ಬೇಕಾದಂಗ ತಗದು ಕೊಟ್ಟಾರ,” ಎಂದ.

“ಹಂಗಾರ ಹೊಲದಾಗ ನೋಡೂಣು,” ಎಂದೆ. ನನ್ನ ಧ್ವನಿ ಅಂಗಡಿಯ ಹೊರಗೂ ಕೇಳಿತಂತೆ. “ನಂದೊಂದು ಬಲಿ, ಅವರದೊಂದು ಬಲಿ. ಒಂದ ಹೊಲ, ಒಂದ ದಿನ. ನಂದು ತಪ್ಪಾದ್ರ ನಾಳೆಯಿಂದ ಬರಂಗಿಲ್ಲ.”

ಸಾವಕಾರ್ರು ಒಪ್ಪಿದರು. ಅವರಿಗೆ ನಮ್ಮಿಬ್ಬರ ಜಗಳಕ್ಕಿಂತ ಬ್ಯಾಡಗಿಯ ಗಿರಾಕಿಗಳ ಚಿಂತೆ ದೊಡ್ಡದಿತ್ತು. ಒಡತಿಯೂ ಒಪ್ಪಿದಳು. “ಇದ ಕಡೀದು, ನೋಡ್ರಿ,” ಎಂದಷ್ಟೇ ಹೇಳಿದಳು.

ಎರಡೂ ಮಾಲಿನ ಹಲವು ಬಲೆ ಕಟ್ಟಿ, ಮರುದಿನ ಬೆಳಿಗ್ಗೆ ಎಲ್ಲರೂ ಹೋದೆವು. ಸಾವಕಾರ್ರು ಪಂಚೆ ಎತ್ತಿ ಹಿಡಿದು ಸಾಲುಗಳ ನಡುವೆ ನಡೆದರು. ಪಿರಿಡೀನಿನ ಬಲೆಗಳ ಚೀಲದಲ್ಲಿ ಅಲ್ಲೊಂದು ಇಲ್ಲೊಂದು ಪತಂಗ. ನನ್ನ ಬಲೆಗಳ ಚೀಲ ತಳದಿಂದ ಅಲುಗಾಡುತ್ತಿತ್ತು. ಒಡತಿ ಒಂದು ಚೀಲ ಬಿಚ್ಚಿ ನೆಲಕ್ಕೆ ಕೊಡವಿದಳು. ಕಂದು ಬಣ್ಣದ ಪತಂಗಗಳು ಧೂಳಲ್ಲಿ ಪಟಪಟ ಬಡಿದುಕೊಂಡವು. ಅವಳು ಚಪ್ಪಲಿಯಿಂದ ಅವನ್ನು ಹೊಸಕಿದಳು.

“ಗಾಳಿ ಆ ಕಡಿಂದ ಬೀಸೈತಿ,” ಎಂದ ಆ ಮನುಷ್ಯ. “ಈಕಿ ಬಲಿ ಗಾಳಿಗೆ ಇದ್ವು.”

“ಜಾಗಾ ಅದಲಬದಲ ಮಾಡ್ರಿ,” ಎಂದೆ.

ಮಾಡಿದೆವು. ಮತ್ತೆ ಒಂದು ರಾತ್ರಿ ಬಿಟ್ಟು ನೋಡಿದಾಗಲೂ ನನ್ನವೇ ತುಂಬಿದ್ದವು. ಆಗ ಸಾವಕಾರ್ರು ಅವನ ಕಡೆ ತಿರುಗಿ, ಒಡತಿಯ ಎದುರಿಗೇ, “ಮಾವಾರ, ಇನ್ನ ಆ ಹುಡುಗಿ ಹೇಳಿದಂಗ ಮಾಡ್ರಿ,” ಎಂದರು. ಅವನ ಕಿವಿ ಕೆಂಪಾದದ್ದನ್ನು ನಾನು ಕಣ್ಣು ತುಂಬ ನೋಡಿದೆ. ಅಷ್ಟು ಸಂತೋಷ ನನಗೆ ಎಂ.ಎಸ್ಸಿ. ಪಾಸಾದ ದಿನವೂ ಆಗಿರಲಿಲ್ಲ.

ಅವನು ಶೆಡ್ಡಿಗೆ ಬಂದ ಮೇಲೆ ಎಲ್ಲರನ್ನೂ ಕರೆದು ನಿಲ್ಲಿಸಿದ. “ಡಯಾಮೀನ್ ಮೇಡಂನೋರಿಗೆ ಬೇಕಾಗೈತಿ. ಮೇಡಂನೋರ ಸುರೀಲಿ. ಉಳದವರು ಯಾರೂ ಆ ಬಾಟ್ಲಿ ಮುಟ್ಟಬ್ಯಾಡ್ರಿ. ನಾಳೆ ಯಾರಿಗರ ಏನರ ಆದ್ರ ನನ್ನ ಮ್ಯಾಲ ಬರಬಾರದು.”

ಅದರಿಂದ ಶಿಕ್ಷೆಯಾಗುವುದು ನನಗೆ ಎಂದು ತಿಳಿದಿತ್ತು. ಆದರೂ ಸವಾಲೆಂದೇ ತೆಗೆದುಕೊಂಡೆ. ವರ್ಷದಿಂದ ವರ್ಷಕ್ಕೆ ಬೇಡಿಕೆ ಹೆಚ್ಚಿತು, ಬಾಟಲಿಯ ಬದಲು ಕ್ಯಾನು ಬಂತು. ಮುಚ್ಚಳ ತೆಗೆದ ಕೂಡಲೇ ಬಿಳಿಯ ಹೊಗೆ ಏಳುತ್ತಿತ್ತು. ಕೊಟ್ಟಿಗೆಯಲ್ಲಿ ನಿಂತಂಥ ಘಾಟು, ಆದರೆ ಅದಕ್ಕಿಂತ ಚೂಪು. ಗಾಳಿ ಹೊರಗೆ ತಳ್ಳುವ ಫ್ಯಾನು ಬೇಕೆಂದು ಕೇಳಿದೆ. “ಗೋಡಿ ಒಡೀಬೇಕು. ಈಗ ಸೀಜನ್,” ಎಂದ. ಸೀಜನ್ ಮುಗಿದ ಮೇಲೆ ಮತ್ತೆ ಕೇಳಿದೆ. “ಕಿಡಕಿ ಐತೆಲ್ಲ?” ಎಂದ. ಆಮೇಲೆ ಕೇಳಲಿಲ್ಲ. ಅವನ ಮುಂದೆ ಮೂರನೆಯ ಸಲ ಕೈಯೊಡ್ಡುವುದಕ್ಕಿಂತ ವೇಲಿನಿಂದ ಮೂಗು ಕಟ್ಟಿಕೊಳ್ಳುವುದೇ ವಾಸಿ ಅನ್ನಿಸಿತು.

ಕೆಮ್ಮು ಯಾವಾಗ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ಮೊದಲು ಸಂಜೆ ಬಸ್ಸಿನಲ್ಲಿ, ಆಮೇಲೆ ಮನೆಯಲ್ಲಿ ಊಟಕ್ಕೆ ಕೂತಾಗ. ಬಲೆಗಳ ಕೆಲಸಕ್ಕೆ ಆಗಾಗ ಬ್ಯಾಡಗಿಗೆ ಹೋಗುತ್ತಿದ್ದೆನಲ್ಲ, ಮಾರುಕಟ್ಟೆಯ ಮೆಣಸಿನಕಾಯಿ ಘಾಟು ಎಂದು ಅವ್ವನಿಗೆ ಹೇಳಿದೆ. ಅವ್ವ ನಂಬಲಿಲ್ಲ.

“ಬ್ಯಾಡಗ್ಯಾಗ ಅಷ್ಟ ಮಂದಿ ಬದುಕ್ಯಾರ. ಯಾರೂ ನಿನ್ನಂಗ ಎದಿ ಹಿಡಕೊಂಡು ಕುಂದ್ರಂಗಿಲ್ಲ,” ಎಂದಳು. “ಬಿಡು ಆ ಕೆಲಸ.”

“ಬಿಟ್ರ ಅಂವ ಗೆದ್ದಂಗ ಆಗತೈತಿ.”

“ಯಾವಂವ? ಅಂವ ನಿನಗೇನು ಆಗಬೇಕು?”

ಆ ಮಾತಿಗೆ ಸಿಟ್ಟು ಬಂದು ತಾಟು ತಳ್ಳಿ ಎದ್ದೆ. ಮನೆಯಲ್ಲೂ ಜಗಳ, ಕೆಲಸದಲ್ಲೂ ಜಗಳ. ಆ ದಿನಗಳಲ್ಲಿ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಿದ ನೆನಪಿಲ್ಲ.

ಅವ್ವನೇ ಎಳೆದುಕೊಂಡು ಹೋಗಿ ಹಾವೇರಿಯ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದಳು. ಅವರು ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, “ಭಾನುವಾರ ಕೆಮ್ಮ ಬರತೈತೇನು?” ಎಂದರು.

ಯೋಚಿಸಿದೆ. ಭಾನುವಾರ ಸಂಜೆಗೆಲ್ಲ ಇಳಿದಿರುತ್ತಿತ್ತು. ಹಬ್ಬಕ್ಕೆ ರಜೆ ಬಂದಾಗ ಇರಲೇ ಇಲ್ಲ.

“ಇಲ್ರಿ.”

“ಹಂಗಾರ ಅದು ಮೆಣಸಿನಕಾಯಿದಲ್ಲ. ನಿನ್ನ ಕೆಲಸದ್ದು. ಏನು ಬಳಸ್ತಿ ಅಲ್ಲಿ?”

ಹೇಳಿದೆ. ಅವರು ಒಳಗೆ ಹೋಗಿ ಒಂದು ದಪ್ಪ ಪುಸ್ತಕ ನೋಡಿ ಬಂದರು. ಅಂಥ ಅಮೀನುಗಳು ಕೆಲವರ ಎದೆಗೆ ಒಗ್ಗುವುದಿಲ್ಲ. ಒಮ್ಮೆ ದೇಹ ಅದನ್ನು ವೈರಿಯೆಂದು ಗುರುತು ಹಿಡಿದರೆ ಆಮೇಲೆ ಒಂದು ತೊಟ್ಟಿನ ಘಾಟೂ ಸಾಕು ಎಂದರು. “ಇನ್ನ ಅದರ ಹತ್ರ ಹೋಗಬ್ಯಾಡ,” ಎಂದು ಉಸಿರಿಗೆ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು.

ಹೋದೆ. ಅದನ್ನು ಧೈರ್ಯ ಎನ್ನಲಾರೆ, ತಪ್ಪು ಎಂದೂ ನನಗೆ ಅನಿಸಿಲ್ಲ. ಆ ಕೋಣೆ ನನ್ನದಾಗಿತ್ತು. ಬಾಗಿದ ಸರಪಳಿಯನ್ನು ಬಾಗಿದಂತೆಯೇ ತೆಗೆದುಕೊಡುವುದು ಆ ಊರಿನಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ನನಗೆ ಉಸಿರು ಕಟ್ಟುತ್ತದೆ ಎಂದು ಅವನ ಮುಂದೆ ಹೇಳಲು ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ಕ್ಯಾನಿನ ಮುಚ್ಚಳ ತಿರುಗಿಸಿದ್ದಷ್ಟೇ ನೆನಪು. ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಪಂಪು ಚೀಲದಲ್ಲಿತ್ತು, ಚೀಲ ಹೊರಗಿನ ಮೊಳೆಯ ಮೇಲಿತ್ತು. ಮೇಜು ಹಿಡಿದುಕೊಂಡು ಕೂತೆ. ಯಾರೋ ರೆಟ್ಟೆ ಹಿಡಿದು ದರದರ ಎಳೆದುಕೊಂಡು ಹೋದರು. ಹೊರಗೆ ಬೇವಿನ ಮರದ ಕೆಳಗೆ ಕೂಡಿಸಿ, ಚೀಲವನ್ನು ತಲೆಕೆಳಗು ಸುರಿದು, ಪಂಪನ್ನು ನನ್ನ ಬಾಯಿಗೆ ಇಟ್ಟರು. ಎರಡು ಸಲ ಎಳೆದುಕೊಂಡ ಮೇಲೆ ಕಣ್ಣು ತಿಳಿಯಾಯಿತು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಿದ್ದವನು ಅವನೇ.

“ಹೇಳಿದ್ನಿಲ್ಲ?” ಎಂದ. “ಮೊದಲ ದಿನಾ ಹೇಳಿದ್ನಿಲ್ಲ, ಹೊಗಿ ಕಾರೋ ಸುಡಗಾಡ ಬ್ಯಾಡಂತ? ಗುಜರಾತದಾಗ ನನ್ನ ಬಾಜೂಕ ಕೆಲಸ ಮಾಡಾಂವ ಇದರಾಗ ಹ್ವಾದ. ನೋಡೇನಿ ನಾನು.”

ಉಸಿರು ಇನ್ನೂ ಕುಯ್‌ಗುಡುತ್ತಿತ್ತು. ಆದರೂ ಕೇಳಿದೆ. “ಆವಾಗ ಹಂಗಂತ ಯಾಕ ಹೇಳಲಿಲ್ಲ? ಎರಡರಾಗೂ ನೈಟ್ರೋಜನ್ ಐತೆಲ್ಲ ಅಂತ ಯಾಕ ಅಂದ್ರಿ?”

“ಹೇಳಿದ್ರ ಕೇಳತಿದ್ರೇನು?”

“ಫ್ಯಾನರ ಯಾಕ ಹಾಕಸಲಿಲ್ಲ?”

ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, ಆಟೋ ತರಲು ಯಾರಿಗೋ ಕೂಗಿ ಹೇಳಿ ಒಳಗೆ ಹೋದ. ನನ್ನನ್ನು ಉಳಿಸಿದ್ದು ಅವನೇ. ಅದಕ್ಕೆ ಕೃತಜ್ಞತೆ ಹುಟ್ಟಬೇಕಿತ್ತೇನೋ, ಹುಟ್ಟಲಿಲ್ಲ. ಗೊತ್ತಿದ್ದೂ ವರ್ಷಗಟ್ಟಲೆ ನನ್ನ ಕೈಯಿಂದಲೇ ಸುರಿಸಿದನಲ್ಲ ಎಂಬ ಸಿಟ್ಟು ಅದಕ್ಕಿಂತ ದೊಡ್ಡದಾಗಿ ಕೂತಿತು.

ನಾನು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಸಾವಕಾರ್ರು ಮನೆಗೆ ಹೇಳಿ ಕಳಿಸಿದರು: ಪ್ರಯೋಗಾಲಯ ಬೇಡವಾದರೆ ಹೊಲಗಳಿಗೆ ಹೋಗಿ ಬಲೆ ಕಟ್ಟಿಸುವ ಕೆಲಸ ನೋಡಿಕೊಳ್ಳಲಿ, ಸಂಬಳ ಅದೇ ಇರುತ್ತದೆ ಎಂದು. ಯಾರ ಕೈ ಕೆಳಗೆ ಎಂದು ಕೇಳಿಸಿದೆ. ಮಾವಾರ ಕೈ ಕೆಳಗೆ ಎಂದು ಉತ್ತರ ಬಂತು. ಒಲ್ಲೆ ಎಂದೆ. ಆಮೇಲೆ ಬಿರಡೆ ಎಣಿಸುವ ಹೆಂಗಸರಲ್ಲಿ ಒಬ್ಬಳು ರಾಣೆಬೆನ್ನೂರಿನ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕು, ನಾನು ಬಿಟ್ಟ ಮರುವಾರವೇ ಗೋಡೆ ಒಡೆದು ದೊಡ್ಡ ಫ್ಯಾನು ಕೂಡಿಸಿದರೆಂದೂ, ಈಗ ಆ ಮನುಷ್ಯನೇ ಮುಖಕ್ಕೆ ರಬ್ಬರ್ ಕವಚ ಹಾಕಿಕೊಂಡು ಡಯಾಮೀನ್ ಸುರಿಯುತ್ತಾನೆಂದೂ ಹೇಳಿದಳು. ಪಿರಿಡೀನಿಗೆ ಅವನು ಮರಳಿರಲಿಲ್ಲ. ನನ್ನ ಅಳತೆ, ನನ್ನ ಕ್ರಮ, ನನ್ನ ಲಿಗ್ಯಾಂಡು. ಬಸ್ಸು ಹತ್ತಿ ಹಾವೇರಿ ಮುಟ್ಟುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ.

ಹಾವೇರಿಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲೂ ಸುಖವಿರಲಿಲ್ಲ. ಮಕ್ಕಳು ಪ್ರಯೋಗದಲ್ಲಿ ಅಮೋನಿಯ ಬಾಟಲಿ ತೆರೆದರೆ ನನ್ನ ಎದೆ ಬಿಗಿಯುತ್ತಿತ್ತು. ಹೊರಗೆ ಹೋಗಿ ವರಾಂಡದಲ್ಲಿ ನಿಲ್ಲುತ್ತಿದ್ದೆ. ಪ್ರಾಕ್ಟಿಕಲ್ ತಪ್ಪಿಸಲು ನಾಟಕ ಮಾಡುತ್ತಾಳೆ ಎಂದು ಜೊತೆಯ ಉಪನ್ಯಾಸಕರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಡಾಕ್ಟರಮ್ಮನ ಚೀಟಿ ತೋರಿಸಿದ ಮೇಲೆ ಬಾಯಿ ಮುಚ್ಚಿದರು. ಕಣ್ಣಿನ ಓರೆನೋಟ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ರಾಣೆಬೆನ್ನೂರಿನ ರೈಲು ನಿಲ್ದಾಣದಲ್ಲಿ ಅವನನ್ನು ಕಂಡೆ. ನೆಂಟರ ಮನೆಯ ಕಾರ್ಯ ಮುಗಿಸಿ ಹಿಂತಿರುಗುತ್ತಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೋಡಿಯೂ ನೋಡದಂತೆ ಕೂತೆ. ಅವನೇ ಎದ್ದು ಬಂದ.

“ಮೇಡಂನೋರ, ಈಗ ಹೆಂಗೈತಿ ಉಸರು?”

“ನಿಮಗ್ಯಾಕ?”

“ಕೇಳಿದೆ, ಅಷ್ಟ.” ಆಮೇಲೆ, ನಾನು ಕೇಳದಿದ್ದರೂ, “ನಾವೀಗ ಮಾಲು ಮಾಡೂದ ಬಿಟ್ಟೇವಿ. ಬೊಂಬಾಯಿಂದ ತಯಾರ ಮಾಲ ಬರತೈತಿ. ಬಿರಡಿಗೆ ಹಾಕಿ ಪ್ಯಾಕ್ ಮಾಡೂದಷ್ಟ. ನಿಮ್ಮ ರೂಮನ್ಯಾಗ ಬೀಜದ ಚೀಲ ಇಟ್ಟೇವಿ,” ಎಂದ.

ಅವನ ಮುಖದಲ್ಲಿ ಒಂದು ನೆಮ್ಮದಿಯಿತ್ತು. ಇಬ್ಬರೂ ಸೋತೆವಲ್ಲ ಎಂಬ ನೆಮ್ಮದಿಯೋ, ಜಗಳವೇ ಮುಗಿಯಿತಲ್ಲ ಎಂಬುದೋ, ನನಗೆ ತಿಳಿಯಲಿಲ್ಲ. ಯಾವುದೇ ಆಗಿರಲಿ, ಅದನ್ನು ನನಗೆ ಸಹಿಸಲಾಗಲಿಲ್ಲ.

“ಅವರು ಯಾವ ಲಿಗ್ಯಾಂಡ್ ಹಾಕತಾರಂತ ಕೇಳೀರೇನು?” ಎಂದೆ.

“ನನಗ್ಯಾಕ ಬೇಕು ಅದು? ಹುಳ ಬೀಳತಾವು.”

ಹುಬ್ಬಳ್ಳಿ ಕಡೆಯ ಗಾಡಿ ಬಂತು. ಅವನು ಎದುರಿಗಿದ್ದ ಡಬ್ಬಿ ಹತ್ತಿ, ಒಳಗಿನಿಂದ ಕಿಟಕಿಯ ಪಕ್ಕದ ಜಾಗ ತೋರಿಸಿ, ಬರ್ರಿ ಎಂಬಂತೆ ಕೈಮಾಡಿದ. ನಾನು ಚೀಲ ಹೆಗಲಿಗೇರಿಸಿಕೊಂಡು, ಪ್ಲಾಟ್‌ಫಾರಂ ಉದ್ದಕ್ಕೂ ನಡೆದು, ಕಟ್ಟಕಡೆಯ ಡಬ್ಬಿ ಹತ್ತಿದೆ. ಅಲ್ಲಿ ಕೂರಲು ಜಾಗವಿರಲಿಲ್ಲ. ಹಾವೇರಿಯವರೆಗೂ ಬಾಗಿಲ ಬಳಿ ನಿಂತೇ ಹೋದೆ.